ಕಸೂತಿಯ ಪ್ರಾಣಿವಿನ್ಯಾಸಗಳು: ಒಂದು ಕಿರುಪುಸ್ತಕದ ರಚನೆ ಮತ್ತು ಅದು ಎತ್ತಿದ ಚಾರಿತ್ರಿಕ ಪ್ರಶ್ನೆಗಳು

1

ಧಾರವಾಡ-ಹುಬ್ಬಳ್ಳಿ ಸೀಮೆಯ ಕಸೂತಿಯಲ್ಲಿ ಕಾಣಸಿಗುವ ಪ್ರಾಣಿ-ಪಕ್ಷಿಗಳ ವಿನ್ಯಾಸಗಳನ್ನು ಕುರಿತು 32 ಪುಟಗಳ ಒಂದು ಸಚಿತ್ರ ಕಿರುಪುಸ್ತಕವನ್ನು ಸಿದ್ಧಪಡಿಸುವ ಕೆಲಸವನ್ನು ನಾವು ಈಚೆಗೆ ಕೈಗೊಂಡೆವು. ರಾಜಧಾನಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹೊಸ ತಲೆಮಾರಿಗೆ ಈ ಕಲೆಯ ಪರಿಚಯವಾಗಲಿ, ಹೊರನಾಡಿನ ಸಂಶೋಧಕರಿಗೆ ಒಂದು ಸಣ್ಣ ಆಕರವೂ ದೊರೆಯಲಿ ಎಂಬ ಎರಡು ಉದ್ದೇಶಗಳು ಅದರ ಹಿಂದಿದ್ದವು. ಮಧ್ಯಕಾಲೀನ ಸಾಹಿತ್ಯದ ಅಭ್ಯಾಸದಲ್ಲಿ ಮೂರು ದಶಕಗಳನ್ನು ಕಳೆದ ನಮಗೆ ಸೂಜಿ-ದಾರಗಳ ಪರಿಚಯ ಅಷ್ಟಾಗಿ ಇರಲಿಲ್ಲ. ಹಸ್ತಪ್ರತಿಗಳನ್ನು ಕಲೆಹಾಕಿ, ಪಾಠಾಂತರಗಳನ್ನು ಹೋಲಿಸಿ, ಶುದ್ಧಪಾಠವನ್ನು ನಿರ್ಣಯಿಸುವಂತೆಯೇ ಈ ಕೆಲಸವನ್ನೂ ನಿರ್ವಹಿಸಬಹುದೆಂದು ನಾವು ಭಾವಿಸಿದ್ದೆವು. ಆ ಭಾವನೆಯಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ ಎಷ್ಟು ತಪ್ಪಾಗಿತ್ತೆಂಬುದು ಮೊದಲ ಕರಡಚ್ಚು ಕೈಗೆ ಬಂದಾಗ ತಿಳಿಯಿತು.

ಆ ಕರಡಿನಲ್ಲಿ ನವಿಲಿನ ಚಿತ್ರವೊಂದಿತ್ತು. ಹಳೆಯ ಸೀರೆಯೊಂದರ ಸೆರಗಿನ ಛಾಯಾಚಿತ್ರವನ್ನು ಆಧಾರವಾಗಿಟ್ಟುಕೊಂಡು ಗಣಕಯಂತ್ರದಲ್ಲಿ ಅದನ್ನು ಬಿಡಿಸಲಾಗಿತ್ತು. ಕತ್ತಿನ ಬಾಗು ನಯವಾಗಿತ್ತು. ಕಣ್ಣು ಒಂದು ಬಿಡಿ ಚುಕ್ಕೆಯಾಗಿತ್ತು. ತಲೆಯ ಮೇಲಿನ ಜುಟ್ಟಿನ ಮೂರು ಕುಚ್ಚುಗಳು ತಲೆಯಿಂದ ಕೊಂಚ ಮೇಲೆ, ಯಾವುದಕ್ಕೂ ತಾಗದೆ ನಿಂತಿದ್ದವು. ಅದನ್ನು ನಾವು ಧಾರವಾಡದಿಂದ ಬಂದು ಬಹುಕಾಲದಿಂದ ದೆಹಲಿಯಲ್ಲಿ ನೆಲೆಸಿರುವ, ಎಪ್ಪತ್ತು ದಾಟಿದ ಹಿರಿಯ ತಾಯಿಯೊಬ್ಬರಿಗೆ ತೋರಿಸಿದೆವು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಬೆರಳಿನಿಂದ ಗೆರೆಯನ್ನು ಅನುಸರಿಸುತ್ತ ಹೋಗಿ, ಜುಟ್ಟಿನ ಹತ್ತಿರ ನಿಲ್ಲಿಸಿದರು. "ನೋಡ್ಲಿಕ್ಕೆ ಛಂದ ಅದ ರೀ ಸರ, ಆದ್ರ ಹಾಕ್ಲಿಕ್ಕೆ ಬರೂದಿಲ್ಲ. ಕಣ್ಣು ಒಂದ್ ಕಡೆ, ಜುಟ್ಟು ಒಂದ್ ಕಡೆ ಬಿಟ್ಟೀರಿ. ದಾರ ಅಲ್ಲಿಗೆ ಹ್ಯಾಂಗ ಹೋಗಬೇಕ್ರಿ? ಹೋದ ಮ್ಯಾಲ ಹ್ಯಾಂಗ ತಿರುಗಿ ಬರಬೇಕ್ರಿ?" ಎಂದು ಕೇಳಿದರು.

ಪ್ರಸ್ತುತ ಲೇಖನವು ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ. ಕಸೂತಿಯ ಒಂದು ಪ್ರಾಣಿರೂಪವನ್ನು ಕಾಗದದ ಮೇಲೆ ಉಳಿಸುವುದೆಂದರೆ ಏನನ್ನು ಉಳಿಸುವುದು? ಕಣ್ಣಿಗೆ ಕಾಣುವ ಆಕೃತಿಯನ್ನೇ, ಅಥವಾ ಆ ಆಕೃತಿಯನ್ನು ಉಂಟುಮಾಡಿದ ದಾರದ ಹಾದಿಯನ್ನೇ? ವಿನ್ಯಾಸಗಳ ಪುಸ್ತಕಗಳಿಗೆ ಐದು ಶತಮಾನಗಳ ಚರಿತ್ರೆಯಿರುವುದರಿಂದ, ಉತ್ತರವನ್ನು ಹುಡುಕುವ ಮೊದಲು ಆ ಚರಿತ್ರೆಯತ್ತ ಒಮ್ಮೆ ನೋಡುವುದು ಉಚಿತ.

2

ಕಸೂತಿಗಾರರಿಗೆಂದೇ ಅಚ್ಚಾದ ವಿನ್ಯಾಸಪುಸ್ತಕಗಳು ಮೊದಲು ಕಾಣಿಸಿಕೊಂಡದ್ದು ಯುರೋಪಿನಲ್ಲಿ. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಯೋಹಾನ್ ಶೋನ್‌ಸ್ಪರ್ಗರ್ ಎಂಬ ಮುದ್ರಕನು 1523-24ರ ಸುಮಾರಿಗೆ ಹೊರತಂದ ಕಿರುಪುಸ್ತಕವನ್ನು ಈ ಬಗೆಯ ಮೊದಲ ಪುಸ್ತಕವೆಂದು ವಿದ್ವಾಂಸರು ಪರಿಗಣಿಸುತ್ತಾರೆ. 1527ರಲ್ಲಿ ಕಲೋನ್ ನಗರದ ಪೀಟರ್ ಕ್ವೆಂಟೆಲ್, 1529ರ ಸುಮಾರಿಗೆ ವೆನಿಸ್ಸಿನ ನಿಕೊಲೊ ಜೊಪ್ಪಿನೊ ಇಂಥವೇ ಪುಸ್ತಕಗಳನ್ನು ಪ್ರಕಟಿಸಿದರು. ಮರದ ಅಚ್ಚುಗಳಿಂದ ಮುದ್ರಿತವಾದ ಈ ಪುಸ್ತಕಗಳಲ್ಲಿ ಬಳ್ಳಿ, ಹೂವು, ಜ್ಯಾಮಿತೀಯ ಪಟ್ಟಿಕೆಗಳ ಜೊತೆಗೆ ಹಕ್ಕಿ-ಮೃಗಗಳೂ ಸಾಲುಗೊಂಡು ಬರುತ್ತವೆ. ಒಬ್ಬ ಮುದ್ರಕನ ವಿನ್ಯಾಸಗಳನ್ನು ಇನ್ನೊಬ್ಬನು ನಿಸ್ಸಂಕೋಚವಾಗಿ ನಕಲು ಮಾಡುತ್ತಿದ್ದುದರಿಂದ ಒಂದೇ ವಿನ್ಯಾಸವು ಊರಿಂದೂರಿಗೆ, ಭಾಷೆಯಿಂದ ಭಾಷೆಗೆ ಸಂಚರಿಸಿತು.

ಪ್ರಾಣಿರೂಪಗಳ ದೃಷ್ಟಿಯಿಂದ ಇಬ್ಬರು ಮುದ್ರಕರ ಕೃತಿಗಳು ವಿಶೇಷವಾಗಿ ಗಮನಾರ್ಹ. ನ್ಯೂರೆಂಬರ್ಗಿನ ಯೋಹಾನ್ ಸೀಬ್ಮಾಖರನು 1597ರಲ್ಲಿಯೂ 1604ರಲ್ಲಿಯೂ ಹೊರತಂದ ಪುಸ್ತಕಗಳಲ್ಲಿ ತಾಮ್ರದ ಫಲಕಗಳ ಮೇಲೆ ಕೊರೆದ ಸಣ್ಣ ಚೌಕಗಳ ಜಾಲವಿದೆ. ಚೌಕಗಳನ್ನು ತುಂಬುತ್ತ ಹೋದಂತೆ ಆಕೃತಿ ಮೂಡುತ್ತದೆ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆಗೆ ಇದು ನೇರವಾಗಿ ಒಗ್ಗುವ ಕ್ರಮ. ಲಂಡನ್ನಿನ ರಿಚರ್ಡ್ ಶೋರ್ಲೇಕರನ ಪುಸ್ತಕವು 1624ರಲ್ಲಿಯೂ 1632ರಲ್ಲಿಯೂ ಅಚ್ಚಾಯಿತು. ಹೂವು, ಹಕ್ಕಿ, ಮೀನುಗಳ ಬಿಡಿ ಆಕೃತಿಗಳಿಗೆ ಅದು ಹೆಸರಾಗಿದೆ.

ಈ ಪುಸ್ತಕಗಳ ಚರಿತ್ರೆಯಲ್ಲಿ ನಮ್ಮ ಗಮನ ಸೆಳೆದ ಸಂಗತಿಯೆಂದರೆ ಅವುಗಳ ವಿರಳತೆ. 1933ರಲ್ಲಿ ಆರ್ಥರ್ ಲೋಟ್ಸ್ ಎಂಬ ವಿದ್ವಾಂಸನು ಇವುಗಳ ಸಮಗ್ರ ಸೂಚಿಯೊಂದನ್ನು ಸಿದ್ಧಪಡಿಸಿದನು. ಆವೃತ್ತಿಯ ಮೇಲೆ ಆವೃತ್ತಿ ಕಂಡ ಪುಸ್ತಕಗಳಲ್ಲಿಯೂ ಇಂದು ಬೆರಳೆಣಿಕೆಯ ಪ್ರತಿಗಳು ಮಾತ್ರ ಉಳಿದಿವೆ. ಇದಕ್ಕೆ ಕಾರಣ ಅವುಗಳ ಬಳಕೆಯ ರೀತಿಯಲ್ಲೇ ಇದೆ. ವೆನಿಸ್ಸಿನ ಅಲೆಸ್ಸಾಂಡ್ರೊ ಪಗನೀನೊ 1532ರ ಸುಮಾರಿಗೆ ಪ್ರಕಟಿಸಿದ ಪುಸ್ತಕದಲ್ಲಿ, ವಿನ್ಯಾಸವನ್ನು ಬಟ್ಟೆಗೆ ಇಳಿಸುವ ಬಗೆಗಳನ್ನು ತೋರಿಸುವ ಹೆಂಗಸರ ಚಿತ್ರವೊಂದಿದೆ. ಪುಟದಲ್ಲಿರುವ ಗೆರೆಯುದ್ದಕ್ಕೂ ಸೂಜಿಯಿಂದ ರಂಧ್ರಗಳನ್ನು ಚುಚ್ಚಿ, ಆ ರಂಧ್ರಗಳ ಮೂಲಕ ಇದ್ದಿಲಪುಡಿಯನ್ನು ಉದುರಿಸಿ ಬಟ್ಟೆಯ ಮೇಲೆ ಗುರುತು ಮೂಡಿಸುವುದು ಅಂದಿನ ಪ್ರಚಲಿತ ಕ್ರಮಗಳಲ್ಲಿ ಒಂದು. ಹತ್ತು ಸಲ ಬಳಸಿದ ಪುಟವು ಚಿಂದಿಯಾಗುತ್ತಿತ್ತು. ಬೇಕಾದ ಪುಟವನ್ನು ಹರಿದು ಇಟ್ಟುಕೊಳ್ಳುವುದೂ ಇತ್ತು. ಅಂದರೆ, ಹೆಚ್ಚು ಉಪಯೋಗಕ್ಕೆ ಬಂದ ಪ್ರತಿಗಳು ಅಳಿದುಹೋದವು. ಕಪಾಟಿನಲ್ಲಿ ಉಪಯೋಗವಿಲ್ಲದೆ ಕುಳಿತ ಪ್ರತಿಗಳು ಗ್ರಂಥಾಲಯಗಳನ್ನು ಸೇರಿದವು. ಸಾಹಿತ್ಯಕೃತಿಗಳ ಹಸ್ತಪ್ರತಿಗಳ ಸಂಖ್ಯೆಯನ್ನು ನೋಡಿ ಕೃತಿಯ ಜನಪ್ರಿಯತೆಯನ್ನು ಊಹಿಸುವ ನಮ್ಮಂಥವರಿಗೆ ಇದು ಎಚ್ಚರಿಕೆಯ ಮಾತು. ಈ ಪುಸ್ತಕಗಳ ವಿಷಯದಲ್ಲಿ ಉಳಿದ ಪ್ರತಿಗಳ ಸಂಖ್ಯೆಯಿಂದ ಬಳಕೆಯನ್ನು ಅಳೆಯಲು ಬರುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಈ ಪುಸ್ತಕಗಳಲ್ಲಿ ಶೀರ್ಷಿಕೆ, ಅರ್ಪಣೆಗಳನ್ನು ಬಿಟ್ಟರೆ ಬರವಣಿಗೆ ಬಹಳ ಕಡಿಮೆ. ಆಕೃತಿ ಇದೆ, ಅದನ್ನು ಎಲ್ಲಿಂದ ಆರಂಭಿಸಬೇಕು, ಯಾವ ಗೆರೆಯ ನಂತರ ಯಾವ ಗೆರೆಯನ್ನು ಹಾಕಬೇಕು ಎಂಬುದನ್ನು ಅವು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಅಂದು ಕಂಡಿರಲಾರದು. ಪುಸ್ತಕವನ್ನು ಕೊಳ್ಳುತ್ತಿದ್ದವರಿಗೆ ಹೊಲಿಗೆಯು ಕೈಯಲ್ಲೇ ಇತ್ತು. ಅವರ ಬಳಿ ಇನ್ನೊಂದು ಬಗೆಯ 'ಪುಸ್ತಕ'ವೂ ಇತ್ತು: ಕಲಿತ ಹೊಲಿಗೆ, ಕಂಡ ವಿನ್ಯಾಸಗಳನ್ನು ನೆನಪಿಗಾಗಿ ಮೂಡಿಸಿಟ್ಟ ಮಾದರಿಬಟ್ಟೆ. ತೇದಿ ನಮೂದಾಗಿರುವ ಇಂಗ್ಲಿಷ್ ಮಾದರಿಬಟ್ಟೆಗಳಲ್ಲಿ ಅತ್ಯಂತ ಹಳೆಯದೆಂದು ತಿಳಿದಿರುವುದು ಜೇನ್ ಬೊಸ್ಟೊಕ್ ಎಂಬಾಕೆ 1598ರಲ್ಲಿ ಹೊಲಿದದ್ದು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಆ ಬಟ್ಟೆಯ ಮೇಲುಭಾಗದಲ್ಲಿ ನಾಯಿ, ಜಿಂಕೆ, ಸರಪಳಿಯಿಂದ ಕಟ್ಟಿದ ಕರಡಿ ಮೊದಲಾದ ಪ್ರಾಣಿಗಳಿವೆ. ಅಚ್ಚಿನ ಪುಸ್ತಕವು ಮೌನವಾಗಿದ್ದ ಕಡೆ ಬಟ್ಟೆಯೇ ಮಾತಾಡುತ್ತಿತ್ತು. ಏಕೆಂದರೆ ಬಟ್ಟೆಯನ್ನು ತಿರುವಿ ಅದರ ಹಿಂಬದಿಯನ್ನು ನೋಡಬಹುದು.

3

ನಮ್ಮ ಕಡೆಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಕಸೂತಿಯ ಮೂಲವನ್ನು ಚಾಲುಕ್ಯರ ಕಾಲಕ್ಕೆ ಒಯ್ಯುವ ಹೇಳಿಕೆಗಳು ಪ್ರವಾಸಿ ಕೈಪಿಡಿಗಳಲ್ಲಿ ಧಾರಾಳವಾಗಿವೆ. ದೇವಾಲಯಗಳ ಪಟ್ಟಿಕೆಗಳಲ್ಲಿ ಕಾಣುವ ಆನೆ, ಹಂಸಗಳ ಸಾಲುಗಳನ್ನೇ ಅದಕ್ಕೆ ಆಧಾರವಾಗಿ ಮುಂದಿಡಲಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಡಿಯ ಪಟ್ಟಿಕೆಯಲ್ಲಿ ಆನೆಗಳ ಸಾಲಿದೆ, ಮೇಲಿನ ಪಟ್ಟಿಕೆಗಳಲ್ಲಿ ಮಕರ, ಹಂಸಗಳಿವೆ ಎಂಬುದು ನಿಜ. ಆದರೆ ಆನೆ-ಹಂಸಗಳು ಭಾರತೀಯ ಅಲಂಕಾರಕಲೆಯ ಎಲ್ಲ ಮಾಧ್ಯಮಗಳಿಗೂ ಸಮಾನವಾದ ಆಸ್ತಿ. ಕಲ್ಲಿನಲ್ಲಿಯೂ ಬಟ್ಟೆಯಲ್ಲಿಯೂ ಒಂದೇ ಪ್ರಾಣಿ ಇದ್ದಮಾತ್ರಕ್ಕೆ ಒಂದರಿಂದ ಇನ್ನೊಂದು ಬಂದಿತೆಂದು ಹೇಳಲಾಗದು. ಶಿಲ್ಪಿಯು ಸಾಲಿನ ಪ್ರತಿಯೊಂದು ಆನೆಯಲ್ಲಿಯೂ ಸೊಂಡಿಲನ್ನೋ ಹೆಜ್ಜೆಯನ್ನೋ ಬದಲಾಯಿಸಬಲ್ಲನು. ಎಳೆ ಎಣಿಸಿ ಹಾಕುವ ಸಾಲಿನಲ್ಲಿ ಒಮ್ಮೆ ನಿಶ್ಚಿತವಾದ ಎಣಿಕೆಯೇ ಮರಳಿ ಮರಳಿ ಬರುತ್ತದೆ. ಎರಡೂ ಸಾಲುಗಳೇ ಆದರೂ ಅವುಗಳ ಹಿಂದಿರುವ ಆಲೋಚನೆ ಒಂದೇ ಅಲ್ಲ.

ಗ್ರಂಥಸ್ಥ ಆಧಾರಗಳೂ ಈ ವಿಷಯದಲ್ಲಿ ನೆರವಿಗೆ ಬರುವುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಯ ವಿವರವಿದೆ, ರಾಜನು ತೊಡುವ ವಸ್ತ್ರಗಳ ಪ್ರಸ್ತಾಪವಿದೆ. ಅದಕ್ಕೂ ಹಿಂದೆ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ವು ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ತಯಾರಿಕೆ, ಅಡುಗೆ, ವೈದ್ಯ ಮುಂತಾದ ಲೋಕೋಪಯೋಗಿ ವಿದ್ಯೆಗಳನ್ನು ಸಂಗ್ರಹಿಸಿಕೊಡುತ್ತದೆ. ಮೂರನೆಯ ಮಂಗರಸನು ಪಾಕವಿದ್ಯೆಗೇ ಮೀಸಲಾದ 'ಸೂಪಶಾಸ್ತ್ರ'ವನ್ನು ಕನ್ನಡದಲ್ಲಿ ಬರೆದನು. ಹೀಗೆ ನಮ್ಮ ಅಡುಗೆಮನೆಯು ಗ್ರಂಥಕ್ಕೆ ಪ್ರವೇಶ ಪಡೆಯಿತು. ಆದರೆ ಲೋಕೋಪಕಾರದಲ್ಲಿ ಹೊಲಿಗೆಗೆಂದು ಒಂದು ಅಧ್ಯಾಯವಿಲ್ಲ. ಕೈಯಿಂದ ಕೈಗೆ ಸಾಗುತ್ತಿದ್ದ ವಿದ್ಯೆಗೆ ಓಲೆಯ ನೆರವು ಬೇಕಾಗದಿರಬಹುದು. ಅಥವಾ ಬರೆಯಬಲ್ಲವರಿಗೆ ಆ ವಿದ್ಯೆ ಬರೆಯಬೇಕಾದುದೆಂದು ತೋರದಿರಬಹುದು. ಎರಡನೆಯ ಸಾಧ್ಯತೆಯನ್ನು ಸಂಶೋಧಕರು ಸುಲಭವಾಗಿ ತಳ್ಳಿಹಾಕಬಾರದೆಂದು ನಮ್ಮ ಅಭಿಪ್ರಾಯ.

ಆದ್ದರಿಂದ ಕಸೂತಿಯ ಮೊದಲ ಆಕರ ಬಟ್ಟೆಯೇ. ಇಳಕಲ್ ಸೀರೆಯ ಸೆರಗು ಮತ್ತು ಸೆರಗಿಗೆ ತಾಗಿದ ಒಡಲು, ಗುಳೇದಗುಡ್ಡದ ಖಣದ ಕುಪ್ಪಸ, ಮಕ್ಕಳ ಕುಲಾವಿ, ಕುಂಚಿಗೆ: ಇವು ಕಸೂತಿಯ ನೆಲೆಗಳು. ಮದುವೆಯ ಕಪ್ಪು ಚಂದ್ರಕಾಳಿ ಸೀರೆಯು ಈ ಕಲೆಗೆ ಹೆಸರುವಾಸಿ. ಪದದ ಮೂಲದ ಬಗ್ಗೆ ಎರಡು ವಿವರಣೆಗಳು ಪ್ರಚಾರದಲ್ಲಿವೆ. 'ಕೈ' ಮತ್ತು ನೂಲನ್ನು ಸೂಚಿಸುವ 'ಸೂತಿ' ಸೇರಿ ಆದದ್ದು ಎಂಬುದು ಒಂದು. ಹೊಲಿಗೆಯ ಕುಸುರಿಗೆ ಹೆಸರಾದ ಪಾರಸಿ ಮೂಲದ 'ಕಶೀದಾ' ಪದಕ್ಕೆ ಸಂಬಂಧಿಸಿದ್ದು ಎಂಬುದು ಇನ್ನೊಂದು. ಮೊದಲನೆಯದು ಕೇಳಲು ಹಿತವಾಗಿದೆ ಎಂಬ ಕಾರಣಕ್ಕಾಗಿಯೇ ಅದನ್ನು ಒಪ್ಪಬೇಕಾಗಿಲ್ಲ.

ಈ ನೆಲೆಗಳು ಹೊರನಾಡಿಗೆ ದೂರವಾದವೂ ಅಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಓದು, ನೌಕರಿ, ವ್ಯಾಪಾರಗಳಿಗಾಗಿ ಪುಣೆ, ಮುಂಬಯಿಗಳಿಗೆ ಹೋದ ಕುಟುಂಬಗಳೊಂದಿಗೆ ಸೀರೆಗಳೂ ಹೋದವು. ಮಹಾರಾಷ್ಟ್ರದಲ್ಲಿ ಇಳಕಲ್ ಸೀರೆಯನ್ನು 'ಇರಕಲ್' ಎಂದು ಕರೆದು ಇಂದಿಗೂ ಉಡುವುದು ಸರ್ವವಿದಿತ. ಹೀಗಾಗಿ ಕಸೂತಿಯ ಆಕರಗಳನ್ನು ಧಾರವಾಡದಲ್ಲಿ ಹುಡುಕುವಷ್ಟೇ ಶ್ರದ್ಧೆಯಿಂದ ಪುಣೆಯ ಹಳೆಯ ಟ್ರಂಕುಗಳಲ್ಲಿಯೂ ಹುಡುಕಬೇಕಾಗುತ್ತದೆ.

4

ಹಿರಿಯ ತಾಯಿಯ ಪ್ರಶ್ನೆಗೆ ಮರಳೋಣ. ಕಸೂತಿಯಲ್ಲಿ ನಾಲ್ಕು ಹೊಲಿಗೆಗಳನ್ನು ಗುರುತಿಸುವುದು ವಾಡಿಕೆ: ಗವಂತಿ, ಮುರಗಿ, ನೇಗಿ, ಮೆಂತಿ. ಮೆಂತಿ ಎಂದರೆ ಅಡ್ಡಡ್ಡವಾಗಿ ದಾಟುವ ಕತ್ತರಿಹೊಲಿಗೆ. ನೇಗಿಯು ನೇಯ್ಗೆಯನ್ನು ಹೋಲುವ ಓಟದ ಹೊಲಿಗೆ. ಗವಂತಿ ಮತ್ತು ಮುರಗಿಗಳು ಎರಡು ಓಟದವು. ಮುರಗಿಯಲ್ಲಿ ಗೆರೆಯು ಮೆಟ್ಟಿಲುಗಳಂತೆ ಮುರಿಯುತ್ತ ಸಾಗುತ್ತದೆ. ಗವಂತಿಯಲ್ಲಿ ನೇರವಾಗಿಯೋ ಓರೆಯಾಗಿಯೋ ಹೋಗುತ್ತದೆ. ಎರಡರಲ್ಲಿಯೂ ಸೂಜಿಯು ಹೋಗುವಾಗ ಒಂದು ಹೊಲಿಗೆಯನ್ನು ಬಟ್ಟೆಯ ಮೇಲೆ, ಮುಂದಿನದನ್ನು ಬಟ್ಟೆಯ ಕೆಳಗೆ ಹಾಕುತ್ತ ಹೋಗುತ್ತದೆ. ಬರುವಾಗ ಅದೇ ಹಾದಿಯಲ್ಲಿ ಮರಳಿ, ಬಿಟ್ಟ ಜಾಗಗಳನ್ನು ತುಂಬುತ್ತ ಬರುತ್ತದೆ. ಕೆಲಸ ಮುಗಿದಾಗ ಸೂಜಿಯು ಹೊರಟ ಸ್ಥಳಕ್ಕೇ ಬಂದಿರುತ್ತದೆ. ಬಟ್ಟೆಯ ಎರಡೂ ಬದಿಗಳಲ್ಲಿ ಆಕೃತಿ ಒಂದೇ ಆಗಿರುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ. ತುದಿಯನ್ನು ಹೊಲಿಗೆಯ ಅಡಿಯಲ್ಲೇ ಅಡಗಿಸುತ್ತಾರೆ. ಇದೇ ತಂತ್ರದ ಹೊಲಿಗೆಯು ಯುರೋಪಿನಲ್ಲಿಯೂ ಉಂಟು. ಕಿರಿಯ ಹಾನ್ಸ್ ಹೋಲ್ಬೈನನು ಬಿಡಿಸಿದ ಭಾವಚಿತ್ರಗಳ ಕೊರಳಪಟ್ಟಿ, ತೋಳಿನ ತುದಿಗಳಲ್ಲಿ ಕಾಣುವುದರಿಂದ ಅಲ್ಲಿ ಅದಕ್ಕೆ ಆ ಕಲಾವಿದನ ಹೆಸರೇ ಬಂದಿದೆ. ತಂತ್ರದ ಈ ಸಾಮ್ಯವನ್ನು ಕೊಡುಕೊಳ್ಳುವಿಕೆಯ ಪುರಾವೆಯೆಂದು ನಾವು ಭಾವಿಸುವುದಿಲ್ಲ. ಹೋಲಿಕೆಗೆ ಮಾತ್ರ ಅದನ್ನು ಬಳಸುತ್ತೇವೆ.

ಹೀಗಿರುವಾಗ ಆಕೃತಿಯ ಯಾವ ಭಾಗವೂ ಉಳಿದ ಭಾಗದಿಂದ ಕಡಿದುಹೋಗಿರುವಂತಿಲ್ಲ. ಕಣ್ಣು ಬಿಡಿ ಚುಕ್ಕೆಯಾಗಿದ್ದರೆ ದಾರವು ಬಟ್ಟೆಯ ಹಿಂಬದಿಯಲ್ಲಿ ಜಿಗಿದು ಅಲ್ಲಿಗೆ ಹೋಗಬೇಕು. ಆ ಜಿಗಿತ ಹಿಂಬದಿಯಲ್ಲಿ ಒಂದು ಕಳಂಕವಾಗಿ ಕಾಣುತ್ತದೆ. ಎರಡೂ ಬದಿ ಒಂದೇ ಆಗಿರಬೇಕೆಂಬ ನಿಯಮ ಮುರಿಯುತ್ತದೆ. ಆ ತಾಯಿಯು ಒಂದು ನೋಟದಲ್ಲಿ ಹಿಡಿದದ್ದು ಇದನ್ನೇ.

ಗಣಿತಜ್ಞರು ಇದೇ ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತಾರೆ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು, ಒಂದೊಂದನ್ನು ಒಂದೇ ಸಲ ದಾಟಿ ತಿರುಗಾಡಿ ಬರಬಹುದೇ ಎಂಬ ಸಮಸ್ಯೆಯನ್ನು ಲಿಯೊನಾರ್ಡ್ ಆಯ್ಲರನು 1736ರ ಪ್ರಸಿದ್ಧ ಪ್ರಬಂಧದಲ್ಲಿ ವಿವೇಚಿಸಿದನು. ಗೆರೆಗಳು ಕೂಡುವ ಪ್ರತಿ ಬಿಂದುವಿನಲ್ಲಿಯೂ ಗೆರೆಗಳ ಸಂಖ್ಯೆ ಸಮವಾಗಿದ್ದು, ಆಕೃತಿಯು ಅಖಂಡವಾಗಿದ್ದರೆ, ಹೊರಟಲ್ಲಿಗೆ ಮರಳುವ ಅಂಥ ಹಾದಿ ಇರುತ್ತದೆ ಎಂಬುದು ಆ ವಿವೇಚನೆಯಿಂದ ಬೆಳೆದ ತತ್ತ್ವ. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರವು ಎರಡು ಸಲ, ಮೇಲೊಮ್ಮೆ ಕೆಳಗೊಮ್ಮೆ ಸಾಗುವುದರಿಂದ ಸಂಖ್ಯೆಯು ತಾನಾಗಿಯೇ ಸಮವಾಗುತ್ತದೆ. ಉಳಿಯುವ ಷರತ್ತು ಒಂದೇ: ಆಕೃತಿಯು ಅಖಂಡವಾಗಿರಬೇಕು. ಹಾಗಿದ್ದರೆ ಆನೆಯಾಗಲಿ ನವಿಲಾಗಲಿ, ಎಷ್ಟೇ ಜಟಿಲವಾಗಿದ್ದರೂ, ಮರಳುವ ಹಾದಿಯೊಂದು ಇದ್ದೇ ಇರುತ್ತದೆ. ಅದನ್ನು ಕಂಡುಹಿಡಿಯುವುದೇ ಕಸೂತಿಗಾರ್ತಿಯ ವಿದ್ಯೆ. ಕಾಲು, ಬಾಲ, ಕೊಂಬುಗಳಂಥ ಕವಲುಗಳು ಬಂದಾಗ ಯಾವುದನ್ನು ಹೋಗುವಾಗಲೇ ಮುಗಿಸಬೇಕು, ಯಾವುದನ್ನು ಬರುವಾಗಿಗೆ ಬಿಡಬೇಕು ಎಂಬ ನಿರ್ಣಯವನ್ನು ಆಕೆ ಸೂಜಿಯನ್ನು ಚುಚ್ಚುವ ಮೊದಲೇ ಮಾಡಿರಬೇಕು.

ಇಲ್ಲಿಂದ ನಮಗೆ ಸ್ಪಷ್ಟವಾದದ್ದು ಇಷ್ಟು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಕಸೂತಿಯ 'ಪಾಠ'ವೆಂದರೆ ಆಕೃತಿಯಲ್ಲ, ಹಾದಿ. ಆಕೃತಿಯು ಆ ಪಾಠದ ಫಲ. ಛಾಯಾಚಿತ್ರವು ಫಲವನ್ನು ಮಾತ್ರ ಹಿಡಿಯುತ್ತದೆ. ಛಂದಸ್ಸನ್ನು ಅರಿಯದ ಲಿಪಿಕಾರನು ಅಕ್ಷರಗಳನ್ನು ಅಂದವಾಗಿ ಬರೆದೂ ಪದ್ಯವನ್ನು ಕೆಡಿಸುವಂತೆ, ಹಾದಿಯನ್ನು ಅರಿಯದ ಚಿತ್ರಕಾರನು ಗೆರೆಯನ್ನು ನಯಗೊಳಿಸಿ ವಿನ್ಯಾಸವನ್ನು ಕೆಡಿಸುತ್ತಾನೆ. ನಮ್ಮ ಮೊದಲ ಕರಡಿನಲ್ಲಿ ನಡೆದದ್ದು ಅದೇ. ಮೂಲ ಸೀರೆಯನ್ನು ಮತ್ತೆ ತರಿಸಿ ಭೂತಗನ್ನಡಿಯಲ್ಲಿ ನೋಡಿದಾಗ, ಕಣ್ಣಿನಿಂದ ಕೊಕ್ಕಿನ ಬುಡಕ್ಕೆ ಒಂದೇ ಒಂದು ಹೊಲಿಗೆಯ ಸೇತುವೆ ಇತ್ತು. ಜುಟ್ಟಿಗೂ ತಲೆಗೂ ನಡುವೆ ಹಾಗೆಯೇ ಸಣ್ಣ ಕಾಂಡಗಳಿದ್ದವು. ಕಪ್ಪು ಬಟ್ಟೆಯ ಮೇಲೆ ಬಣ್ಣ ಮಾಸಿದ ಆ ಹೊಲಿಗೆಗಳು ಛಾಯಾಚಿತ್ರದಲ್ಲಿ ಮೂಡಿರಲಿಲ್ಲ. ಅವು ಹಾದಿಗೆ ಅನಿವಾರ್ಯವೆಂದು ತಿಳಿದಿದ್ದರೆ ನಾವು ಅವನ್ನು ಹುಡುಕುತ್ತಿದ್ದೆವು.

5

ಈ ಅನುಭವದ ನಂತರ ಕಿರುಪುಸ್ತಕದ ವಿನ್ಯಾಸವನ್ನೇ ಬದಲಾಯಿಸಬೇಕಾಯಿತು. ಆರಂಭದಲ್ಲಿ ಇಪ್ಪತ್ತನಾಲ್ಕು ಪ್ರಾಣಿರೂಪಗಳನ್ನು ಪುಟಕ್ಕೊಂದರಂತೆ ಕೊಡುವ ಯೋಜನೆಯಿತ್ತು. ಅದನ್ನು ಎಂಟಕ್ಕೆ ಇಳಿಸಿದೆವು: ಆನೆ, ಅಂಬಾರಿ ಹೊತ್ತ ಆನೆ, ನವಿಲು, ಗಿಳಿ, ಹಂಸ, ಜಿಂಕೆ, ಬಸವ, ಕುದುರೆ. ಒಂದೊಂದಕ್ಕೆ ಮೂರು ಪುಟಗಳು. ಮೊದಲ ಪುಟದಲ್ಲಿ ಚೌಕಜಾಲದ ಮೇಲೆ ಪೂರ್ಣಾಕೃತಿ. ಎರಡನೆಯದರಲ್ಲಿ ದಾರವು ಹೋಗುವ ಹಾದಿ, ಕಪ್ಪು ಮಸಿಯಲ್ಲಿ. ಮೂರನೆಯದರಲ್ಲಿ ಬರುವ ಹಾದಿ, ಕೆಂಪು ಮಸಿಯಲ್ಲಿ. ಬಟ್ಟೆಯ ಮೇಲೆ ಕಾಣುವ ಹೊಲಿಗೆಗೆ ಅಖಂಡ ಗೆರೆ, ಕೆಳಗೆ ಹೋಗುವ ಹೊಲಿಗೆಗೆ ಚುಕ್ಕೆಗೆರೆ. ಹೊರಡುವ ಬಿಂದುವಿಗೆ ಒಂದು ಸಣ್ಣ ವೃತ್ತ. ಹೀಗೆ 24 ಪುಟಗಳಾದವು. ಮುಖಪುಟದ ಹಾಳೆ, ಪ್ರಕಾಶನದ ವಿವರ, ಪ್ರಸ್ತಾವನೆ, ಹೊಲಿಗೆಗಳ ಪರಿಚಯ, ಹೆಸರುಗಳ ಸೂಚಿ, ಓದುಗರು ತಾವೇ ತುಂಬಲೆಂದು ಬಿಟ್ಟ ಒಂದು ಖಾಲಿ ಚೌಕಜಾಲ ಸೇರಿ ಉಳಿದ 8. ಹದಿನಾರು ಪುಟಗಳ ಎರಡು ಫಾರಮುಗಳಿಗೆ ಇದು ಸರಿಹೊಂದಿತು. ಕ್ರೌನ್ 1/8 ಆಕಾರವನ್ನು ಆರಿಸಿದ್ದು, ಹೊಲಿಯುವಾಗ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಲು ಅನುಕೂಲವೆಂದು. ಬೆನ್ನಿಗೆ ಅಂಟು ಹಾಕದೆ ನಡುವೆ ಪಿನ್ನು ಹೊಡೆಸಿದ್ದೂ ಪುಸ್ತಕವು ಚಪ್ಪಟೆಯಾಗಿ ತೆರೆದುಕೊಂಡಿರಲೆಂದೇ.

ಮೆಂತಿ, ನೇಗಿಗಳನ್ನು ಪರಿಚಯದ ಪುಟಗಳಿಗಷ್ಟೇ ಸೀಮಿತಗೊಳಿಸಿದೆವು. ಅವುಗಳಲ್ಲಿ ಬಟ್ಟೆಯ ಎರಡು ಬದಿಗಳು ಒಂದೇ ರೀತಿ ಇರುವುದಿಲ್ಲವಾದ್ದರಿಂದ ಹೋಗುವ ಮತ್ತು ಬರುವ ಹಾದಿಗಳ ಈ ಕ್ರಮ ಅವಕ್ಕೆ ಒಗ್ಗುವುದಿಲ್ಲ.

ಚೌಕಜಾಲದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಪ್ರಸ್ತಾವನೆಯಲ್ಲಿ ಸೇರಿಸಬೇಕಾಯಿತು. ಕಾಗದದ ಚೌಕವು ನಾಲ್ಕೂ ಕಡೆ ಸಮ. ಬಟ್ಟೆಯ ಹಾಸು ಮತ್ತು ಹೊಕ್ಕುಗಳ ಎಳೆಗಳು ಅಷ್ಟೇ ಸಮವಾಗಿರುತ್ತವೆಂಬ ಭರವಸೆಯಿಲ್ಲ. ಹೊಕ್ಕಿಗಿಂತ ಹಾಸು ದಟ್ಟವಾಗಿದ್ದರೆ ಕಾಗದದ ಮೇಲಿನ ಆನೆಯು ಬಟ್ಟೆಯ ಮೇಲೆ ಒಂದು ದಿಕ್ಕಿನಲ್ಲಿ ಕುಗ್ಗಿಹೋಗುತ್ತದೆ. ಹಳೆಯ ಕೈಮಗ್ಗದ ಸೀರೆಗಳಲ್ಲಿ ಒಂದೇ ಆನೆಯು ಒಂದು ಕಡೆ ಗಿಡ್ಡವಾಗಿಯೂ ಇನ್ನೊಂದು ಕಡೆ ಎತ್ತರವಾಗಿಯೂ ತೋರಿದಾಗ ನಾವು ಅವನ್ನು ಎರಡು ಪ್ರಭೇದಗಳೆಂದು ಮೊದಲು ದಾಖಲಿಸಿದ್ದೆವು. ಎಣಿಸಿ ನೋಡಿದಾಗ ಹೊಲಿಗೆಗಳ ಸಂಖ್ಯೆ ಎರಡರಲ್ಲಿಯೂ ಒಂದೇ ಆಗಿತ್ತು. ಅಳತೆಯಿಂದ ಕಂಡ ಪಾಠಾಂತರವು ಎಣಿಕೆಯಲ್ಲಿ ಮಾಯವಾಯಿತು. ಕಸೂತಿಯನ್ನು ದಾಖಲಿಸುವವರು ಅಂಗುಲಗಳನ್ನು ನಂಬದೆ ಎಳೆಗಳನ್ನು ನಂಬಬೇಕೆಂಬ ಪಾಠ ಇದರಿಂದ ನಮಗೆ ದೊರೆಯಿತು.

ಪ್ರಾಣಿರೂಪಗಳ ಹೆಸರುಗಳ ಬಗೆಗೂ ಇಲ್ಲಿ ಒಂದು ಮಾತು. ಪುಣೆಯ ಮನೆಯೊಂದರಲ್ಲಿ ನಮಗೆ ನೋಡಲು ಸಿಕ್ಕ ಹಳೆಯ ವಹಿಯೊಂದನ್ನು ಉಲ್ಲೇಖಿಸಬೇಕು. ಶಾಲೆಯ ಲೆಕ್ಕದ ಚೌಕಳಿ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬಿಡಿಸಿದ ವಿನ್ಯಾಸಗಳವು. ಪಕ್ಕದಲ್ಲಿ ಮಾತನಾಡುವ ಭಾಷೆಯಲ್ಲೇ 'ಆನಿ', 'ನವಲು', 'ಜೋಡು ಗಿಳಿ' ಎಂದು ಬರೆದಿದೆ. ಎಳೆಗಳ ಎಣಿಕೆ ಇದೆ. ಹೊರಡುವ ಸ್ಥಳಕ್ಕೆ ಒಂದು ಚಿಕ್ಕ ಸೊನ್ನೆ ಇದೆ. ನಾವು ಬಹಳ ಯೋಚಿಸಿ ಕಂಡುಕೊಂಡೆವೆಂದು ಭಾವಿಸಿದ್ದ ವೃತ್ತದ ಗುರುತನ್ನು ಆ ಹೆಂಗಸು, ಯಾರ ನೆರವೂ ಇಲ್ಲದೆ, ಎಂದೋ ಬಳಸಿದ್ದಳು. ವಹಿಯ ಮೇಲೆ ಅವಳ ಹೆಸರಿಲ್ಲ. ಮನೆಯವರಿಗೆ ಅದು ಅಜ್ಜಿಯದೋ ಅಜ್ಜಿಯ ಅಕ್ಕನದೋ ಎಂಬುದು ಖಚಿತವಿರಲಿಲ್ಲ. ಕಿರುಪುಸ್ತಕದ ಸೂಚಿಯಲ್ಲಿ ಗ್ರಾಂಥಿಕ ಹೆಸರುಗಳ ಬದಲು ಈ ವಹಿಯ ಹೆಸರುಗಳನ್ನೇ ಮೊದಲು ಕೊಟ್ಟಿದ್ದೇವೆ.

6

ಪುಸ್ತಕವೊಂದು ಇಂಥ ಕಲೆಯನ್ನು ಉಳಿಸುತ್ತದೆಯೇ ಅಥವಾ ಹೆಪ್ಪುಗಟ್ಟಿಸುತ್ತದೆಯೇ ಎಂಬ ಆಕ್ಷೇಪವನ್ನು ಸಹೋದ್ಯೋಗಿಗಳು ನಮ್ಮ ಮುಂದಿಟ್ಟಿದ್ದಾರೆ. ಅಚ್ಚಾದ ಆನೆಯೇ ಪ್ರಮಾಣವಾಗಿ, ಮನೆಮನೆಯಲ್ಲಿ ಬೇರೆಬೇರೆಯಾಗಿದ್ದ ಆನೆಗಳು ಮರೆಯಾಗಬಹುದೆಂಬುದು ಅವರ ಆತಂಕ. ಈ ಆತಂಕ ನಿರಾಧಾರವಲ್ಲ. 2000ದ ದಶಕದಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೆ ಅದರ ಹೆಸರಿಗೆ ರಕ್ಷಣೆ ಸಿಕ್ಕಿದೆ. ಹೆಸರಿನ ರಕ್ಷಣೆಯಿಂದ ಹಾದಿಯ ರಕ್ಷಣೆಯಾಗುವುದಿಲ್ಲ. ಯಂತ್ರದಿಂದ ಹೊಲಿದ ಬಟ್ಟೆಯಲ್ಲಿ ಕಸೂತಿಯ ಆಕೃತಿ ಇರಬಲ್ಲದು. ಆದರೆ ಅದನ್ನು ತಿರುವಿ ನೋಡಿದರೆ ಹಿಂಬದಿ ಮುಂಬದಿಯಂತಿರುವುದಿಲ್ಲ. ಆಕೃತಿಯನ್ನಷ್ಟೇ ಕೊಡುವ ಪುಸ್ತಕವು ಈ ವ್ಯತ್ಯಾಸವನ್ನು ಅಳಿಸಿಹಾಕುವುದಕ್ಕೆ ತಾನೂ ಕೈಜೋಡಿಸಿದಂತಾಗುತ್ತದೆ.

ಹಾದಿಯನ್ನು ಕೊಡುವ ಪುಸ್ತಕದ ವಿಷಯ ಬೇರೆ. ಹಾದಿಯನ್ನು ಒಮ್ಮೆ ಅರಿತವಳು ಹೊಸ ಹಾದಿಯನ್ನು ತಾನೇ ಕಟ್ಟಬಲ್ಲಳು. ಆದಕಾರಣವೇ ಕೊನೆಯ ಪುಟದ ಖಾಲಿ ಚೌಕಜಾಲ. ಹದಿನಾರನೆಯ ಶತಮಾನದ ಯುರೋಪಿನ ಪುಸ್ತಕಗಳು ಹಾದಿಯನ್ನು ಹೇಳದಿದ್ದರೂ ನಡೆಯಿತು. ಹೇಳಿಕೊಡುವ ಕೈ ಪಕ್ಕದಲ್ಲೇ ಇತ್ತು. ಹೊರನಾಡಿನ ಇಂದಿನ ಹುಡುಗಿಯ ಪಕ್ಕದಲ್ಲಿ ಆ ಕೈ ಇಲ್ಲ. ಅವಳಿಗೆ ಪುಸ್ತಕವು ಆಕೃತಿಗಿಂತ ಹೆಚ್ಚಿನದನ್ನು ಹೇಳಬೇಕಾಗುತ್ತದೆ.

ಈ ದಿಸೆಯಲ್ಲಿ ಹೊರನಾಡಿನ ಸಂಶೋಧಕಮಿತ್ರರಲ್ಲಿ ನಮ್ಮದೊಂದು ವಿನಂತಿ. ಮುಂಬಯಿ, ಪುಣೆ, ಸೊಲ್ಲಾಪುರ, ಹೈದರಾಬಾದು, ಚೆನ್ನೈಗಳ ಕನ್ನಡ ಮನೆಗಳಲ್ಲಿ ಹಳೆಯ ಸೀರೆ, ಕುಲಾವಿ, ಕುಂಚಿಗೆಗಳು ಕಂಡುಬಂದರೆ ಬಟ್ಟೆಯ ಎರಡೂ ಬದಿಗಳ ಛಾಯಾಚಿತ್ರವನ್ನು ತೆಗೆದುಕೊಳ್ಳಬೇಕು. ಅಳತೆಯೊಂದಿಗೆ ಎಳೆಗಳ ಎಣಿಕೆಯನ್ನೂ ಬರೆದುಕೊಳ್ಳಬೇಕು. ಪ್ರಾಣಿಯ ಹೆಸರನ್ನು ಮನೆಯವರು ಉಚ್ಚರಿಸುವಂತೆಯೇ ದಾಖಲಿಸಬೇಕು. ಹೊಲಿಯಬಲ್ಲವರು ಮನೆಯಲ್ಲಿದ್ದರೆ ಬೆರಳಿನಿಂದ ಹಾದಿಯನ್ನು ತೋರಿಸುವಂತೆ ಕೇಳಬೇಕು. ಬಟ್ಟೆಯನ್ನು ಯಾರು ಹೊಲಿದರೆಂಬುದನ್ನು ಮರೆಯದೆ ವಿಚಾರಿಸಬೇಕು. ಈ ಕೊನೆಯ ಪ್ರಶ್ನೆಗೆ ಉತ್ತರ ದೊರೆಯುವ ಕಾಲ ಬೇಗಬೇಗನೆ ಮುಗಿಯುತ್ತಿದೆ.

ತಿದ್ದಿದ ಕರಡನ್ನು ಅದೇ ಹಿರಿಯ ತಾಯಿಗೆ ಮತ್ತೆ ತೋರಿಸಿದೆವು. ಅವರು ನವಿಲಿನ ಮೂರು ಪುಟಗಳನ್ನೂ ಬೆರಳಿನಿಂದ ಅನುಸರಿಸಿದರು. ಕಪ್ಪು ಗೆರೆಯಲ್ಲಿ ಹೋಗಿ ಕೆಂಪು ಗೆರೆಯಲ್ಲಿ ಸಣ್ಣ ವೃತ್ತಕ್ಕೆ ಮರಳಿದರು. ಬಲಗಾಲಿನ ಕವಲನ್ನು ಹೋಗುವಾಗಲೇ ಮುಗಿಸಿದ್ದರೆ ದಾರ ಉಳಿಯುತ್ತಿತ್ತೆಂದು ಸೂಚಿಸಿದರು. ಆ ತಿದ್ದುಪಡಿಯನ್ನು ಮಾಡಿದ ಮೇಲೆಯೇ ಪುಸ್ತಕವನ್ನು ಅಚ್ಚಿಗೆ ಕಳುಹಿಸಿದೆವು.